ಬೋಳು ಗುಂಡಿಗಳ ಗುರುತು ಪತ್ತೆ

ಹೊಗಳಿಕೆಗೆ ತಲೆಬಾಗುವುದು ಸಜ್ಜನರ ಲಕ್ಷಣ ಎನ್ನುತ್ತಾರೆ. ಬಾಗುವ ಜಾಗದಲ್ಲಿ ಕಾಫಿ ಲೋಟ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ!

ಮಿಕ್ಸಿ, ಕುಕ್ಕರ್, ಬಟ್ಟೆ ಒಗೆಯುವ ಮೆಷಿನ್‌ಗಳ ಡಬ್ಬಿಯೊಳಗೆ ಒಂದು ಪುಟ್ಟ ಪುಸ್ತಕ ಇರುತ್ತದಲ್ಲ, ಕೊಂಡವರು ಯಾರೂ ಓದದ ಪುಸ್ತಕ, ಅದನ್ನು ಬರೆಯುವುದೇ ನನ್ನ ಹೊಟ್ಟೆಪಾಡು. ‘ದಯವಿಟ್ಟು ನೀವೇ ಬಿಚ್ಚಲು ಹೋಗಬೇಡಿ, ಪರಿಣತರನ್ನು ಕರೆಯಿರಿ’ ಎಂಬ ಅಮರ ವಾಕ್ಯವನ್ನು ನನ್ನಷ್ಟು ಸಲ ಬರೆದವರು ಭೂಮಂಡಲದಲ್ಲಿ ಇನ್ನೊಬ್ಬರಿರಲಾರರು. ಆ ಬೆಳಿಗ್ಗೆ ವಿಡಿಯೊ ಮೀಟಿಂಗಿನಲ್ಲಿ ನಮ್ಮ ಮೇಡಂ, “ಸರ್ ಬರೆದ ಇಸ್ತ್ರಿಪೆಟ್ಟಿಗೆ ಪುಸ್ತಕದಲ್ಲಿ ಹುಡುಕಿದರೂ ಒಂದು ತಪ್ಪಿಲ್ಲ” ಎಂದರು. ನಾನು ವಿನಯದಿಂದ ಬಾಗಿದೆ. ಹಣೆ ಲೋಟಕ್ಕೆ ತಗುಲಿತು. ತುಂಬಿದ ಲೋಟ ಕೀಬೋರ್ಡಿನ ಮೇಲೆ ಅಂಗಾತ ಮಲಗಿತು!

ಗಾಬರಿಯಲ್ಲಿ ಕೀಬೋರ್ಡನ್ನು ಎತ್ತಿ ತಲೆಕೆಳಗು ಮಾಡಿದೆ. ಕಾಫಿ ತೋಳಿನೊಳಗೆ ಇಳಿದು, ಕಂಕುಳ ದಾಟಿ, ಸೊಂಟದವರೆಗೆ ಪ್ರವಾಸ ಮಾಡಿತು. ಇಡೀ ಕಚೇರಿ ಇದನ್ನು ನೇರ ಪ್ರಸಾರದಲ್ಲಿ ನೋಡಿತು.

“ಹೋಗ್ಲಿ ಬಿಡಿ ಸರ್,” ಎಂದರು ಮೇಡಂ, ನಗು ನುಂಗಿಕೊಂಡು. “ಹೇಗೂ ಎಲ್ಲರಿಗೂ ಸದ್ದಿಲ್ಲದ ಹೊಸ ಕೀಬೋರ್ಡ್ ಕೊಡ್ತಿದೀವಿ. ನೀವೊಬ್ರೇ ಬೇಡ ಅಂತ ಕೂತಿದ್ರಿ. ಈ ನಿಮ್ಮ ಖಟಖಟ ಶುರುವಾದ್ರೆ ನಮ್ಮನೆ ನಾಯಿ ಮಂಚದ ಕೆಳಗಿಂದ ಆಚೆ ಬರಲ್ಲ!”

ಖಟಖಟವೇ! ಓದುಗರೇ, ಅದು ನನ್ನ ಮೊದಲ ನೌಕರಿಯ ಕಾಲದ ಕೀಬೋರ್ಡ್. ಇಟ್ಟಿಗೆಯಂಥ ತೂಕ. ಪ್ರತಿ ಗುಂಡಿಯ ಅಡಿಯಲ್ಲೂ ಒಂದೊಂದು ಸ್ಪ್ರಿಂಗ್. ಒತ್ತಿದರೆ ‘ಖಟ್’ ಎಂದು ಉತ್ತರ ಕೊಡುತ್ತದೆ. ಈ ಮನೆಯಲ್ಲಿ ನಾನು ಹೇಳಿದ್ದಕ್ಕೆ ತಕ್ಷಣ ಉತ್ತರ ಕೊಡುವುದು ಅದೊಂದೇ! ನನ್ನ ರಕ್ತ ಕುದಿಯಿತು.

“ಮೇಡಂ, ಇವತ್ತು ಸಂಜೆ ಐದಕ್ಕೆ ಕುಕ್ಕರ್ ಪುಸ್ತಕ ಕೊಡಬೇಕಲ್ವಾ? ಅದರ ಉಳಿದ ಪುಟಗಳನ್ನ ಇದ್ರಲ್ಲೇ ಹೊಡೆದು ಕಳಿಸ್ತೀನಿ! ಕಳಿಸ್ಲಿಲ್ಲ ಅಂದ್ರೆ ನನ್ನ ಕೈಯಾರೆ ಇದನ್ನ ಗುಜರಿಗೆ ಹಾಕ್ತೀನಿ!”

“ಎಲ್ರೂ ಕೇಳಿಸ್ಕೊಂಡ್ರಲ್ಲ?” ಎಂದರು ಮೇಡಂ. ಎಲ್ಲರೂ ಕೇಳಿಸಿಕೊಂಡಿದ್ದರು.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದು ಆಗತಾನೆ ಮಲಗಿದ್ದಳು. ನನ್ನ ಶಪಥದ ಅಬ್ಬರಕ್ಕೆ ಎದ್ದು ಬಾಗಿಲಲ್ಲಿ ನಿಂತಳು.

“ಏನ್ರೀ ಅದು, ಯಾರ ಮೇಲೆ ಯುದ್ಧ?”

“ನನ್ನ ಕೀಬೋರ್ಡಿಗೆ ಅಪಘಾತ ಆಗಿದೆ ಕಣೇ! ನಾನೇ ಬಿಚ್ಚಿ ಸರಿ ಮಾಡ್ತೀನಿ!”

“ನಲ್ಲಿ ಸರಿ ಮಾಡ್ತೀನಿ ಅಂದಾಗ್ಲೂ ಇದೇ ಮುಖ ಇತ್ತು,” ಎಂದಳು. “ಬಿಚ್ಚೋ ಮುಂಚೆ ಒಂದು ಫೋಟೋನಾದ್ರೂ ತೆಕ್ಕೊಳ್ಳಿ. ಯಾವುದು ಎಲ್ಲಿತ್ತು ಅಂತ ಗೊತ್ತಿರುತ್ತೆ.”

“ಫೋಟೋ! ನನಗೆ! ಕಣ್ಣು ಮುಚ್ಕೊಂಡು ಟೈಪ್ ಮಾಡೋ ಮನುಷ್ಯ ನಾನು. ಒಂದೊಂದು ಗುಂಡೀನೂ ನನ್ನ ಬೆರಳಿಗೆ ಗೊತ್ತು!”

“ಹಾಗಾದ್ರೆ ಸದ್ದು ಮಾಡದೆ ಬಿಚ್ಚಿ,” ಎಂದು ಹತ್ತಿ, ಸ್ಪಿರಿಟ್ ಬಾಟಲಿ ಎರಡನ್ನೂ ಮೇಜಿನ ಮೇಲಿಟ್ಟು ಹೋಗಿ ಮಲಗಿದಳು.

ಚಮಚದ ತುದಿಯಿಂದ ಗುಂಡಿಗಳನ್ನು ಮೀಟತೊಡಗಿದೆ. ಟಪ್, ಟಪ್ ಎಂದು ಹಾರಿದವು. ಎಲ್ಲವನ್ನೂ ಬಕೆಟಿನ ಸೋಪುನೀರಿಗೆ ಸುರಿದು, ಒಳಗೆ ಇಣುಕಿದೆ. ಅಯ್ಯೋ ದೇವರೇ! ಬಿಸ್ಕತ್ತಿನ ಪುಡಿ, ಪೆನ್ಸಿಲ್ ತುದಿ, ಸತ್ತ ಇರುವೆಗಳ ಒಂದು ಸಂಸಾರ. ಅದರ ನಡುವೆ ಉದ್ದನೆಯ ಕಪ್ಪು ಕೂದಲು! ನಾನು ಬೆಚ್ಚಿದೆ. ಅದೇ ಹೊತ್ತಿಗೆ ನೀರು ಕುಡಿಯಲು ಎದ್ದು ಬಂದ ಹೆಂಡತಿ ನನ್ನ ಕೈಯಲ್ಲಿದ್ದದ್ದನ್ನು ನೋಡಿದಳು.

“ಯಾರದ್ರೀ ಇದು?”

“ನ... ನಂದೇ ಇರ್ಬೇಕು ಕಣೇ. ಮದುವೆಗೆ ಮುಂಚೆ ಉದ್ದ ಕೂದಲು ಬಿಟ್ಟಿದ್ನಲ್ಲ.”

ಅವಳು ನನ್ನ ನೆತ್ತಿಯನ್ನು ಒಮ್ಮೆ ನೋಡಿದಳು, ಕೂದಲನ್ನು ಒಮ್ಮೆ ನೋಡಿದಳು.

“ಪಾಪ,” ಎಂದು ನೀರು ಕುಡಿದು ಹೋದಳು. ಅನುಮಾನ ಪಟ್ಟಿದ್ದರೇ ಚೆನ್ನಾಗಿತ್ತು!

ಹಲಗೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಮಗಳ ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿದೆ. ಗುಂಡಿಗಳನ್ನು ಜರಡಿಯಲ್ಲಿ ಸೋಸಿ ಬಿಸಿಲಿಗಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಒಣಗಿ ಗರಗರ ಎನ್ನುತ್ತಿದ್ದವು. ಜಯಭೇರಿ ಬಾರಿಸುವವನಂತೆ ಜರಡಿಯನ್ನು ಊಟದ ಮೇಜಿಗೆ ತಂದು ಸುರಿದು, ಮೊದಲ ಗುಂಡಿ ಎತ್ತಿಕೊಂಡೆ. ತಿರುಗಿಸಿದೆ. ಎರಡನೆಯದನ್ನು ಎತ್ತಿದೆ. ಮೂರನೆಯದನ್ನೂ ನೋಡಿದೆ.

ಒಂದರ ಮೇಲೂ ಅಕ್ಷರವಿಲ್ಲ!

ಇಷ್ಟು ವರ್ಷಗಳಲ್ಲಿ ನನ್ನ ಬೆರಳುಗಳು ಅಷ್ಟನ್ನೂ ತಿಂದು ಹಾಕಿದ್ದವು. ನೋಡದೆ ಟೈಪ್ ಮಾಡುವವನಿಗೆ ಅದು ತಿಳಿಯುವುದಾದರೂ ಹೇಗೆ? ನಾನು ಎಂದೂ ಮುಟ್ಟದ ಮೇಲಿನ ಸಾಲು ಮತ್ತು ಕೆಲವು ದೊಡ್ಡ ಗುಂಡಿಗಳು ಮಾತ್ರ ಅಕ್ಷರ ಉಳಿಸಿಕೊಂಡು ನನ್ನನ್ನು ಅಣಕಿಸುತ್ತಿದ್ದವು. ಉಳಿದವೆಲ್ಲ ನುಣ್ಣಗೆ, ಒಂದೇ ಗರ್ಭದಲ್ಲಿ ಹುಟ್ಟಿದ ಮಕ್ಕಳಂತೆ ಮಲಗಿದ್ದವು.

ಕಾಲೇಜಿನಿಂದ ಬಂದ ಮಗಳು ಇಣುಕಿದಳು. “ಅಪ್ಪಾ! ಎಲ್ಲಾ ಬೋಳು! ನಿಮ್ಮ ಬಳಗಾನೇ!”

“ನಗಬೇಡ. ಕುಕ್ಕರ್ ಪುಸ್ತಕ ಐದಕ್ಕೆ ಹೋಗ್ಬೇಕು. ಇಲ್ಲಾಂದ್ರೆ ಇದು ಗುಜರಿಗೆ.”

ಮಗಳು ಒಳ್ಳೆಯವಳು. ಗುಂಡಿಗಳನ್ನು ಬೆಳಕಿಗೆ ಹಿಡಿದು, “ಒಂದೊಂದು ಸಾಲಿನವು ಒಂದೊಂದು ಎತ್ತರ ಇವೆ ನೋಡಿ” ಎಂದು ಸಾಲುವಾರು ಗುಡ್ಡೆ ಮಾಡಿಟ್ಟಳು.

“ಸಾಲು ಸಿಕ್ತು, ಸರಿ. ಸಾಲಿನೊಳಗೆ ಯಾವುದು ಯಾವುದು ಅಂತ ಗೊತ್ತಾಗೋದು ಬೇಡ್ವಾ?” ಎಂದೆ. “ಪ್ರತಿ ಗುಂಡಿಗೂ ಅದರದೇ ಸವೆತ ಇರುತ್ತೆ ಮಗಳೇ. ಕಿರುಬೆರಳಿನ ಗುಂಡೀನ ತೋರುಬೆರಳಿನ ಜಾಗದಲ್ಲಿ ಇಟ್ರೆ ಕೈ ದಾರಿ ತಪ್ಪುತ್ತೆ! ‘ಆವಿ ಹೋದ ಮೇಲೆ ತೆಗೆಯಿರಿ’ ಅನ್ನೋದು ಇನ್ನೇನೋ ಆಗಿ ಯಾರದೋ ಅಡುಗೆಮನೆ ಸಿಡಿಯುತ್ತೆ!”

ಕಣ್ಣು ಮುಚ್ಚಿ ಕುಳಿತು, ಪೊಲೀಸರು ಕಳ್ಳರನ್ನು ಸಾಲಾಗಿ ನಿಲ್ಲಿಸಿ ಗುರುತು ಹಿಡಿಸುವ ಹಾಗೆ, ಒಂದೊಂದನ್ನೇ ಸವರತೊಡಗಿದೆ.

“ಹಾಂ! ಈ ನುಣುಪು, ಈ ಪುಟ್ಟ ತಗ್ಗು! ಇದು ಎಡಗೈ ಕಿರುಬೆರಳಿನದು, ಸಂಶಯವೇ ಇಲ್ಲ! ಎಷ್ಟು ವರ್ಷದ ಸ್ನೇಹ!”

“ಅಪ್ಪಾ.”

“ಮಧ್ಯೆ ಮಾತಾಡ್ಬೇಡ.”

“ಅದು ಕೆಮ್ಮಿನ ಔಷಧಿ ಮುಚ್ಚಳ ಅಪ್ಪಾ.”

ಕಣ್ಣು ತೆರೆದೆ. ಹೌದು, ಮುಚ್ಚಳವೇ! ನನ್ನ ಬೆರಳು ನನಗೇ ದ್ರೋಹ ಬಗೆಯಿತೇ? ಆ ಆಘಾತದಲ್ಲಿರುವಾಗಲೇ ಫೋನು ಬಡಿದುಕೊಂಡಿತು. ಮೇಡಂ!

“ಹೇಗೆ ನಡೀತಿದೆ ಸರ್ ಕುಕ್ಕರು?”

“ಭರ್ಜರಿಯಾಗಿ ನಡೀತಿದೆ ಮೇಡಂ! ಇನ್ನೇನು ಸೀಟಿ ಹೊಡೆಯೋದೊಂದು ಬಾಕಿ!”

“ಹೌದಾ? ಮತ್ತೆ ಸದ್ದೇ ಕೇಳಿಸ್ತಿಲ್ವಲ್ಲ?”

ಬೆವರು ಹರಿಯಿತು. ಆದರೆ ಆಪತ್ತಿನಲ್ಲಿ ಬುದ್ಧಿ ಚುರುಕು. ಒಂದು ಗುಡ್ಡೆಯನ್ನು ಬಾಚಿ ಜರಡಿಗೆ ಹಾಕಿ, ಫೋನಿನ ಹತ್ತಿರ ಹಿಡಿದು ಕುಲುಕಿದೆ. ಖಟಖಟಖಟಖಟ!

“ಅಬ್ಬಬ್ಬಾ!” ಎಂದರು ಮೇಡಂ. “ಇವತ್ತೇನು ಸರ್ ಈ ವೇಗ! ನಿಧಾನ, ಬೆರಳು ಉಳುಕೀತು!” ಹಿನ್ನೆಲೆಯಲ್ಲಿ ಅವರ ನಾಯಿ ಕುಂಯ್‌ಗುಟ್ಟಿತು.

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿದ ಸದ್ದು ಕೇಳಿಸಿತು. ಫೋನಿಟ್ಟು ಮತ್ತೆ ಕುಳಿತೆ. ಸವರಿದೆ, ಮೂಸಿದೆ, ಕೆನ್ನೆಗೆ ಒತ್ತಿಕೊಂಡೂ ನೋಡಿದೆ. ‘ಖಚಿತ’ ಎಂದು ಬೇರೆಯಿಟ್ಟ ಗುಡ್ಡೆಯಲ್ಲಿ ಕೆಲವೇ ಕೆಲವು ಇದ್ದವು, ಅವನ್ನೂ ಎರಡನೇ ಸಲ ಸವರಿದಾಗ ನಂಬಿಕೆ ಹೋಯಿತು. ಗಡಿಯಾರ ನಾಲ್ಕು ದಾಟಿತು. ಕಡೆಗೆ ಆ ಬೋಳು ಮಕ್ಕಳನ್ನು ಕೊನೆಯ ಬಾರಿ ನೋಡಿ, ಮಗಳಿಗೆ ನನ್ನ ಕಣ್ಣು ಕಾಣದಂತೆ ಬಾಲ್ಕನಿಗೆ ಹೋದೆ. ಶರಣಾಗತಿಯ ಮಾತನ್ನು ಹೇಗೆ ಶುರು ಮಾಡುವುದೆಂದು ಮೂರು ಬಗೆಯಲ್ಲಿ ಅಭ್ಯಾಸ ಮಾಡಿದೆ. ‘ಮೇಡಂ, ವಿಜ್ಞಾನ ಮುಂದುವರಿದಿದೆ...’ ಎಂಬುದು ಸ್ವಲ್ಪ ಗೌರವಯುತವಾಗಿತ್ತು. ಫೋನ್ ಮಾಡಿದೆ. ಲೈನ್ ಬ್ಯುಸಿ! ಸೋಲೊಪ್ಪಿಕೊಳ್ಳಲೂ ಕ್ಯೂ!

ತಲೆ ತಗ್ಗಿಸಿ ಒಳಬಂದವನು ಕಂಬದಂತೆ ನಿಂತುಬಿಟ್ಟೆ. ಊಟದ ಮೇಜಿನ ಮೇಲೆ ನನ್ನ ಕೀಬೋರ್ಡ್ ಸಕಲ ಗುಂಡಿಗಳೊಂದಿಗೆ ಮಿರಮಿರ ಮಿಂಚುತ್ತಿತ್ತು! ಪಕ್ಕದಲ್ಲಿ ಹೆಂಡತಿ, ಕೆದರಿದ ಕೂದಲು, ಅರೆಮುಚ್ಚಿದ ಕಣ್ಣು.

“ಮುಗೀತಾ ನಿಮ್ಮ ಕುಲುಕಾಟ? ಟೈಪ್ ಮಾಡಿ ಕಳಿಸಿ. ಡ್ಯೂಟಿಗೆ ಮುಂಚೆ ಒಂದು ಗಂಟೆ ಮಲಗ್ಬೇಕು ನಾನು.”

ತಂತಿ ಸಿಕ್ಕಿಸಿ ಒತ್ತಿದೆ. ಖಟ್! ಆಹಾ, ಖಟ್! ಕಣ್ಣು ಮುಚ್ಚಿ ಹೊಡೆಯತೊಡಗಿದೆ. ‘ಆವಿ ಪೂರ್ತಿ ಹೋದ ಮೇಲೆಯೇ ಮುಚ್ಚಳ ತೆಗೆಯಿರಿ.’ ಒಂದಕ್ಷರ ತಪ್ಪಿಲ್ಲ! ಪ್ರತಿ ಗುಂಡಿಯೂ ತನ್ನ ತನ್ನ ಸಿಂಹಾಸನದಲ್ಲಿ! ಕಿರುಬೆರಳಿನ ಕೆಳಗೆ ಅದೇ ಹಳೆಯ ನುಣುಪು, ತೋರುಬೆರಳಿಗೆ ಅದೇ ಪರಿಚಿತ ತಗ್ಗು! ಐದಕ್ಕೆ ಇನ್ನೂ ಒಂದಿಷ್ಟು ಹೊತ್ತಿರುವಾಗಲೇ ಪುಸ್ತಕ ಹೋಯಿತು. ‘ಒಪ್ಪಿದೆ ಸರ್, ಇಟ್ಕೊಳ್ಳಿ ನಿಮ್ಮ ಇಟ್ಟಿಗೆ’ ಎಂದು ಮೇಡಂ ಉತ್ತರವೂ ಬಂತು.

ಇಷ್ಟು ವರ್ಷ ಪಕ್ಕದ ಕೋಣೆಯಲ್ಲಿ ಮಲಗಿ, ನನ್ನ ಒಂದೊಂದು ಖಟ್ ಶಬ್ದವನ್ನೂ ಇವಳು ಎದೆಯಲ್ಲಿ ಬರೆದುಕೊಂಡಿದ್ದಳೇ? ನಾನೇ ಗುರುತಿಸಲಾರದ ನನ್ನ ಗುಂಡಿಗಳನ್ನು ನಿದ್ದೆಗಣ್ಣಿನಲ್ಲಿ ಗುರುತಿಸಿದಳೇ? ಓಡಿಹೋಗಿ ಅವಳ ಮಂಚದ ಬಳಿ ನಿಂತೆ.

“ನಿಜ ಹೇಳು ಕಣೇ. ಒಂದೂ ತಪ್ಪಿಲ್ಲದೆ ಯಾವ ಗುಂಡಿ ಯಾವುದು ಅಂತ ಹೇಗೆ ಕಂಡುಹಿಡಿದೆ?”

ಅವಳು ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡಳು.

“ಕಂಡುಹಿಡಿಯೋದೇನು? ಎಲ್ಲಾ ಬೋಳು ತಾನೇ ರೀ, ಕೈಗೆ ಸಿಕ್ಕಿದ್ದನ್ನ ಹಾಕಿದೆ.”