ಭುವನಗಿರಿ ಬಂಡೆಯ ಮೇಲೊಂದು ಒಡಪು

ಉಮಾಬಾಯಿಯನ್ನು ಪರ್ವತಾರೋಹಿ ಮಾಡಿಯೇ ತೀರುತ್ತೇನೆಂದು ಸೂರ್ಯಕಾಂತಪ್ಪನವರು ಪಣ ತೊಟ್ಟರು. ಸ್ವಂತ ಅನುಭವ? ಬೇಗಂಪೇಟೆಯ ಕಚೇರಿಯವರ ಜೊತೆ ಒಂದೇ ಒಂದು ಸಲ ಗುಡ್ಡ ಹತ್ತಿದ್ದು, ಅದೂ ಅರ್ಧ! ಆದರೆ ಆಸೆ ದೊಡ್ಡದು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಮನೆಯಲ್ಲಿ ಅವರ ಒಂದು ಮಾತೂ ನಡೆದಿರಲಿಲ್ಲ. ಬೆಟ್ಟದ ಮೇಲಾದರೂ ಹೆಂಡತಿ ಹಿಂದೆ ಹಿಂದೆ ಬಂದು, ಹೇಳಿದಂತೆ ಕೇಳಲಿ!

ಭಾನುವಾರ ಬೆಳಿಗ್ಗೆ ಸಿಕಂದರಾಬಾದಿನಲ್ಲಿ ರೈಲು ಹತ್ತಿ ಭುವನಗಿರಿಯಲ್ಲಿ ಇಳಿದರು. ಬೆಟ್ಟವೆಂದರೆ ಇಡಿಯಾಗಿ ಒಂದೇ ಬೋಳು ಬಂಡೆ, ನೆತ್ತಿಯ ಮೇಲೆ ಕೋಟೆ. ಗುರುಗಳ ಕಾಲಲ್ಲಿ ಹೊಸ ಬೂಟು. ಶಿಷ್ಯೆಯ ಚೀಲದಲ್ಲಿ ರೊಟ್ಟಿ ಬುತ್ತಿ, ಜೊತೆಗೆ ಗುರುಗಳ ಫೋನು.

"ಮೆಟ್ಟಲಾ ಅದಾವಲ್ರೀ, ಹಂಗ ಹೋಗೋಣು."

"ಮೆಟ್ಟಲಾ ಹತ್ತಾಕ ನಮ್ಮ ಅಪಾರ್ಟ್‌ಮೆಂಟ್ ಇಲ್ಲೇನು? ಇದು ಪರ್ವತಾರೋಹಣ! ನನ್ನ ಹಿಂದ ಬಾ!"

"ನಾ ಒಲ್ಲೆ. ನೀವು ಆರೋಹಣ ಮಾಡ್ರಿ, ನಾ ಮ್ಯಾಲ ಸಿಗ್ತೀನಿ."

ಅರ್ಧ ಗಂಟೆಯಲ್ಲಿ ಗುರುಗಳು ನೆತ್ತಿಗೆ ಇನ್ನೇನು ಇಪ್ಪತ್ತು ಅಡಿ ಇರುವಾಗ ಒಂದು ಮುಳ್ಳಿನ ಪೊದೆಯನ್ನು ತಬ್ಬಿಕೊಂಡು ಕುಳಿತಿದ್ದರು. ಮೇಲೆ ಹತ್ತಲು ಹಿಡಿತವಿಲ್ಲ, ಕೆಳಗೆ ನೋಡಿದರೆ ತಲೆ ಗಿರ್ರೆನ್ನುತ್ತದೆ! ಕೂಗಬಹುದಿತ್ತು. ಕೂಗಿದರೆ ಮಾನ ಉಳಿದೀತೆ? ಪೊದೆಯನ್ನೇ ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡರು.

ಮೇಲೆ ಉಮಾಬಾಯಿ ಗಂಡನನ್ನು ಕಾಣದೆ ಗಾಬರಿಯಾಗಿ ಕೋಟೆಯ ಕಾವಲುಗಾರನ ಬಳಿ ಓಡಿದರು. ಅವನು ಕೈಗೆ ಮೈಕು ಕೊಟ್ಟ. ಹೊಸ್ತಿಲು ದಾಟಿದರೆ ತೆಲುಗು ಎನ್ನುವುದು ಅವರ ಮನೆಯ ರೂಢಿ. "ಏವಂಡೀ!" ಎಂದು ಕೂಗಿದರು, ನಮ್ಮ ‘ರೀ’ ಇದ್ದಂತೆ. ಬೆಟ್ಟದ ಮೇಲಿದ್ದ ಗಂಡಂದಿರೆಲ್ಲ ಬೆಚ್ಚಿ ಎದ್ದು ನಿಂತರು!

"ಇಲಾ ಕಾದಮ್ಮಾ, ಸಾರ್ ಪೇರು ಚೆಪ್ಪಂಡಿ," ಎಂದ ಕಾವಲುಗಾರ. ಹೆಸರು ಹೇಳಬೇಕಂತೆ!

ಪೊದೆಯೊಳಗೆ ಸೂರ್ಯಕಾಂತಪ್ಪನವರಿಗೆ ಹೋದ ಜೀವ ಬಂದಂತಾಯಿತು. ಪ್ರಾಣ ಹೋದರೂ ಈಕೆ ಗಂಡನ ಹೆಸರು ಬಾಯಿಬಿಟ್ಟು ಹೇಳುವವಳಲ್ಲ. ಮಾನ ಉಳಿಯಿತು! ಆದರೆ ಹೆಸರನ್ನು ಪ್ರಾಸದ ಪದ್ಯದೊಳಗಿಟ್ಟು ಹೇಳಲು ನಮ್ಮ ಹಿರಿಯರು ಒಡಪು ಎಂಬುದೊಂದನ್ನು ಮಾಡಿಟ್ಟಿದ್ದಾರೆ, ಮದುವೆಮನೆಗಳಲ್ಲಿ ಉಮಾಬಾಯಿ ಅದರಲ್ಲಿ ಎತ್ತಿದ ಕೈ ಎಂಬುದು ಅವರಿಗೆ ಮರೆತೇ ಹೋಗಿತ್ತು. ಮೈಕು ಒಮ್ಮೆ ಕೆಮ್ಮಿತು.

"ರೊಟ್ಟಿ ಬುತ್ತಿ ತಂದೀನಿ ಬೆಣ್ಣಿ ಇಟ್ಟು,
ಬೆಟ್ಟಾ ಹತ್ತೀನಿ ಸೆರಗು ಸಿಗಿಸಿಟ್ಟು,
ಕಲಿಸ್ತೀನಿ ಅಂದ ಸೂರ್ಯಕಾಂತಪ್ಪನೋರು
ಎಲ್ಲಿ ಹ್ವಾದ್ರೋ ಮೆಟ್ಟಲಾ ಬಿಟ್ಟು!"

ಅರ್ಥವಾಗದವರೂ ಚಪ್ಪಾಳೆ ತಟ್ಟಿದರು. ಬಗ್ಗಿ ನೋಡಿದ ಕಾವಲುಗಾರನಿಗೆ ಪೊದೆಯೊಳಗೆ ಹೊಸ ಬೂಟು ಕಂಡಿತು. ಹಗ್ಗ ಇಳಿಯಿತು. ಸೂರ್ಯಕಾಂತಪ್ಪನವರು ಕೈ ಚಾಚಿದ್ದೇ ತಡ, ಅದು ಒಂದು ಮೊಳ ಮೇಲೆ ಹೋಯಿತು!

"ರೀ, ನಾ ನಿಮ್ಮ ಹೆಸರು ಹೇಳೀನಿ. ಈಗ ನಿಮ್ಮ ಪಾಳಿ. ನನ್ನ ಹೆಸರು ಹಾಕಿ ಒಡಪು ಹೇಳ್ರಿ, ಆಮ್ಯಾಲ ಹಗ್ಗ."

"ಉಮಾ, ಇದು ಮದುವಿ ಮನಿ ಅಲ್ಲ! ಮುಳ್ಳು ಚುಚ್ಚಾಕತ್ತಾವ!"

"ಲಗೂನ ಹೇಳ್ರಿ ಹಂಗಾರ."

ಸೂರ್ಯಕಾಂತಪ್ಪನವರು ಕಣ್ಣು ಮುಚ್ಚಿದರು.

"ಹಗ್ಗ ಬಿಡ್ರೆಪ್ಪಾ ಕೆಳಗ, ಜೀವ ಐತಿ ಬಾಯೊಳಗ,
ಬೆಟ್ಟಾ ಹತ್ತಿದಾಕಿ ಉಮಾಬಾಯಿ,
ಹತ್ತಿಸ್ತೀನಂದಾವ ಪೊದಿಯೊಳಗ!"

ಮೇಲಿನಿಂದ ಶಾಂತವಾದ ದನಿ ಬಂತು. "ಸಣ್ಣಗ ಕೇಳಾಕತ್ತೈತ್ರಿ. ಇನ್ನೊಮ್ಮೆ, ಜೋರಾಗಿ!"

ಹೆಂಡತಿ ಹೇಳಿದಂತೆ ಗುರುಗಳು ಕೇಳಿದರು.