ಪೊರ್ಬುಗಳ ದ್ರಾಕ್ಷಿ, ಪೊರ್ಬುಗಳ ಕಡಲು

ಅರಬ್ಬಿ ಸಮುದ್ರವನ್ನು ನಮ್ಮ ನೆರೆಮನೆಯ ಪೊರ್ಬುಗಳ ಹೆಸರಿಗೆ ಬರೆದುಕೊಟ್ಟವರು ಯಾರೆಂಬುದು ನನಗೆ ಇನ್ನೂ ಗೊತ್ತಾಗಿಲ್ಲ! ಅವರ ಮನೆ ಇದ್ದದ್ದು ವೇಣೂರಿನಲ್ಲಿ, ಫಲ್ಗುಣಿ ಹೊಳೆಯ ದಡದಲ್ಲಿ. ಅಲ್ಲಿಂದ ಕಡಲು ನೋಡಬೇಕಾದರೆ ಮೂಡುಬಿದಿರೆ ದಾಟಿ, ಮಂಗಳೂರು ತಲುಪಿ, ಇನ್ನೊಂದು ಬಸ್ಸು ಹಿಡಿಯಬೇಕು. ಆದರೂ ಕಡಲಿನ ಯೋಗಕ್ಷೇಮದ ಹೊಣೆಯೆಲ್ಲ ತಮ್ಮ ತಲೆಯ ಮೇಲೇ ಇದೆ ಎಂಬಂತೆ ಅವರು ಓಡಾಡುತ್ತಿದ್ದರು. ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಎಂದೇ ಕರೆಯುವುದು. ಇವರಿಗೆ ಬೇರೆ ಹೆಸರೂ ಇದೆ ಎಂಬುದು ನಮಗೆ ನೆನಪಾಗುತ್ತಿದ್ದದ್ದು ಅಂಚೆಯವನು ಬಂದಾಗ ಮಾತ್ರ.

ತೊಂಬತ್ತರ ದಶಕದಲ್ಲಿ ಅಲ್ಲಿನ ಶಾಲೆಗೆ ಟೀಚರಾಗಿ ಬಂದ ನಾನು, ಯಜಮಾನರೊಂದಿಗೆ ಅವರ ಪಕ್ಕದಲ್ಲಿ ಸಂಸಾರ ಹೂಡಿದೆ. ಪೊರ್ಬುಗಳ ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಬಂದ ಹೊಸತರಲ್ಲೇ ಬಟ್ಟೆ, ಸೋಪು ಹಿಡಿದು ಹೊಳೆಗೆ ಇಳಿದವಳನ್ನು ಅವರು ತಡೆದು ನಿಲ್ಲಿಸಿದರು. ಈ ಸೋಪುನೀರು ಕಡಲಿಗೆ ಹೋದರೆ ಬೂತಾಯಿ ಮೀನುಗಳು ಊಟಕ್ಕೆ ಏನು ಮಾಡಬೇಕು ಎಂದು ಕೇಳಿದರು. ಬೂತಾಯಿಯ ಊಟದ ಬಗ್ಗೆ ನಾನು ಅಲ್ಲಿಯವರೆಗೆ ಯೋಚಿಸಿದವಳೇ ಅಲ್ಲ. ಬೂತಾಯಿಯೇ ಊಟ ಎಂದುಕೊಂಡಿದ್ದೆ!

ಅವರ ತರ್ಕ ಹೀಗಿತ್ತು. ಮಳೆಗಾಲದ ಹೊಳೆ ಕಾಡುಗುಡ್ಡಗಳ ಸಾರವನ್ನೆಲ್ಲ ಹೊತ್ತೊಯ್ದು ಕಡಲಿಗೆ ಬಡಿಸುತ್ತದೆ. ಅದನ್ನು ಉಂಡು ಕಡಲ ಕರೆಯ ನೀರು ಹಸುರುಗಟ್ಟುತ್ತದೆ, ಆ ಹಸುರು ತಿಂದು ಬೂತಾಯಿ ಕೊಬ್ಬುತ್ತದೆ. ಒಣಗಿದ ಬೂತಾಯಿ ಅವರ ಅಂಗಳದ ದ್ರಾಕ್ಷಿ ಚಪ್ಪರಕ್ಕೆ ಗೊಬ್ಬರ, ಆ ದ್ರಾಕ್ಷಿ ಕ್ರಿಸ್‌ಮಸ್ಸಿನ ವೈನಿಗೆ. ಎಲ್ಲಿ ವಿಷ ಹಾಕಿದರೂ ಅದು ಸುತ್ತಿ ಬಳಸಿ ನಮ್ಮ ಗ್ಲಾಸಿಗೇ ಬಂದು ಬೀಳುತ್ತದೆ ಎನ್ನುತ್ತಿದ್ದರು. ನಮ್ಮ ಊರಿನ ಮಳೆಯಲ್ಲಿ ದ್ರಾಕ್ಷಿ ಬೆಳೆಸುವುದೇ ಒಂದು ಹುಚ್ಚು. ಅದರ ಹುಳಿಗೆ ಹಕ್ಕಿಗಳೂ ಒಂದು ಕಣ್ಣು ಮುಚ್ಚಿ ತಿನ್ನುತ್ತಿದ್ದವು. ವೈನು ಮಾತ್ರ, ಯಜಮಾನರ ಪ್ರಕಾರ, ಅಜೀರ್ಣಕ್ಕೆ ಬಹಳ ಒಳ್ಳೆಯ ಔಷಧಿ. ಡಿಸೆಂಬರ್ ಬಂತೆಂದರೆ ಅವರಿಗೆ ಅಜೀರ್ಣ ಶುರುವಾಗುತ್ತಿತ್ತು.

ಗೊಬ್ಬರ ತರಲು ಪೊರ್ಬುಗಳು ಮಂಗಳೂರಿನ ದಕ್ಕೆಗೆ, ದೋಣಿಗಳು ಮೀನು ಇಳಿಸುವ ಜಾಗಕ್ಕೆ, ತಾವೇ ಹೋಗುತ್ತಿದ್ದರು. ಒಮ್ಮೆ ಗೋಣಿಯೊಂದಿಗೆ ಬಸ್ಸು ಹತ್ತಿದಾಗ ಪ್ರಯಾಣಿಕರೆಲ್ಲ ಮೂಗು ಮುಚ್ಚಿಕೊಂಡರಂತೆ. ಕಂಡಕ್ಟರ್ ಗೋಣಿಯನ್ನು ಬಸ್ಸಿನ ಟಾಪಿಗೆ ಹಾಕಿಸಿದ. ಬಸ್ಸು ವೇಣೂರಿಗೆ ಬಂದು ನಿಂತದ್ದನ್ನು ನಾನೇ ಕಂಡೆ. ಮೂಡುಬಿದಿರೆಯ ಕಾಗೆಗಳೆಲ್ಲ ಟಿಕೆಟ್ ಇಲ್ಲದೆ ಬಂದಿಳಿದಿದ್ದವು!

ನಮ್ಮ ಯಜಮಾನರಿಗೂ ಅವರಿಗೂ ಜಟಾಪಟಿಯಾದದ್ದು ಮೈಲುತುತ್ತಿನ ವಿಷಯದಲ್ಲಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿ ಮದ್ದು ಬಿಡುವುದು ಇಲ್ಲಿ ಎಲ್ಲರ ಕ್ರಮ. ಬಿಟ್ಟಾದ ಮೇಲೆ ಡ್ರಮ್ಮನ್ನು ಹೊಳೆಯಲ್ಲಿ ತೊಳೆಯುವುದೂ ಕ್ರಮವೇ. ಹಿತ್ತಿಲಿನ ನಾಲ್ಕು ಮರಗಳಿಗೆ ಮದ್ದು ಬಿಟ್ಟು ಯಜಮಾನರು ಡ್ರಮ್ ಉರುಳಿಸಿಕೊಂಡು ಹೋದರೆ, ಪೊರ್ಬುಗಳು ದಡದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ! ಈ ಮದ್ದು ಹುಟ್ಟಿದ್ದೇ ವೈನಿನ ದ್ರಾಕ್ಷಿಗಾಗಿ ಎಂದು ಎಲ್ಲೋ ಓದಿದ್ದನ್ನು ಯಜಮಾನರು ಹೇಳಿ ನೋಡಿದರು. ಕುರ್ಚಿ ಕದಲಲಿಲ್ಲ. ಡಿಸೆಂಬರಿನ ಔಷಧಿಯ ನೆನಪಾಗಿ ಡ್ರಮ್ಮು ನೀಲಿಯಾಗಿಯೇ ಮನೆಗೆ ಮರಳಿತು.

ಇಂಥ ಮನುಷ್ಯ ಪ್ರತಿ ಕ್ರಿಸ್‌ಮಸ್ಸಿಗೆ ವೈನಿನ ಮೊದಲ ಕುಪ್ಪಿಯನ್ನು ಪೂರ್ತಿಯಾಗಿ ಹೊಳೆಗೆ ಸುರಿಯುತ್ತಿದ್ದರು! ಸೋಪಿಗೆ ನಿಷೇಧ, ವೈನಿಗೆ ಸ್ವಾಗತವೇ? ಕೇಳಿದರೆ, ಬೂತಾಯಿಗಳಿಗೂ ಹಬ್ಬ ಬೇಡವೇ ಎಂದು ನಕ್ಕುಬಿಡುತ್ತಿದ್ದರು.

ಎರಡು ಸಾವಿರದ ಆಚೆಗೆ ಒಂದು ವರ್ಷ ಮಳೆ ಬಿಡದೆ ಹೊಡೆದು ಚಪ್ಪರಕ್ಕೆ ರೋಗ ಹತ್ತಿತು. ಪೊರ್ಬುಗಳು ಮದ್ದು ಬಿಡಲಿಲ್ಲ. ಉಳಿದ ದ್ರಾಕ್ಷಿಯಲ್ಲಿ ಆದದ್ದು ಒಂದೇ ಕುಪ್ಪಿ ವೈನು. ಅದೇ ಕ್ರಿಸ್‌ಮಸ್ಸಿಗೆ ಮಂಗಳೂರಿನಿಂದ ಹೋಟೆಲಿನ ಧಣಿಯೊಬ್ಬರು ಕಾರಿನಲ್ಲಿ ಬಂದಿಳಿದರು. ಈಗ ಪೇಟೆಯ ಗಿರಾಕಿಗಳು ಮದ್ದು ಹೊಡೆಯದ, ಪರಿಸರಕ್ಕೆ ಕೇಡಾಗದ ವೈನನ್ನೇ ಕೇಳುತ್ತಾರಂತೆ. ಒಂದು ಗ್ಲಾಸು ರುಚಿ ನೋಡಿ ಹಿಡಿಸಿದರೆ, ಮುಂದೆ ಮಾಡಿದ್ದನ್ನೆಲ್ಲ ಕೊಳ್ಳುವುದಾಗಿ ಹೇಳಿದರು. ಪೊರ್ಬುಗಳು ಕುಪ್ಪಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು:

"ನಿಮ್ಮ ಹೋಟೆಲಿನ ಕೊಳಕು ನೀರು ಎಲ್ಲಿಗೆ ಹೋಗ್ತದೆ?"

"ತೋಡಿಗೆ."

"ತೋಡು?"

"ಹೊಳೆಗೆ ಇರಬೇಕು."

"ಹಾಗಾದರೆ ಮೊದಲು ಅದನ್ನು ಸರಿಮಾಡಿ ಬನ್ನಿ."

ಕಾರು ಬಂದ ದಾರಿಯಲ್ಲೇ ಹೋಯಿತು. ಇನ್ನು ಕುಪ್ಪಿ ನಮ್ಮದೇ ಎಂದು ಯಜಮಾನರ ಮುಖ ಅರಳಿತು. ಆದರೆ ಪೊರ್ಬುಗಳು ಕುಪ್ಪಿ ಹಿಡಿದು ನೇರ ಹೊಳೆಗೆ ನಡೆದರು. ಹಿಂದಿನಿಂದ ನಾವಿಬ್ಬರೂ ಹೋದೆವು. ಇರುವುದೇ ಒಂದು, ಈ ಸಲವಾದರೂ ಬೇಡ ಎಂದು ಯಜಮಾನರು ಗೋಗರೆದರು. ಪೊರ್ಬುಗಳು ಬಿರಡೆ ತೆಗೆದು, ನೀರಿನ ಹತ್ತಿರ ಬಗ್ಗಿ, ನಿಧಾನವಾಗಿ ಸುರಿದರು.

"ವೈನ್ ಮಾಡಲಿಕ್ಕೆ ನನಗೆ ಕಲಿಸಿದ್ದು ನನ್ನ ಹೆಂಡತಿ, ಟೀಚರ್," ಎಂದರು. "ಈ ಹೊಳೆ ಕಡಲಿಗೆ ಸೇರುವಲ್ಲಿ ಅವಳ ತಾಯಿಮನೆ. ಕ್ರಿಸ್‌ಮಸ್ಸಿಗೆ ಮೊದಲ ಕುಪ್ಪಿ ಅಲ್ಲಿಗೇ ಕೊಂಡುಹೋಗ್ತಿದ್ದಳು. ಒಂದು ಮಳೆಗಾಲ ಕಡಲ್ಕೊರೆತಕ್ಕೆ ಮನೆ, ಬಾವಿ, ತೆಂಗಿನಮರ ಎಲ್ಲ ಹೋಯಿತು. ಜನ ಒಬ್ಬೊಬ್ಬರು ಒಂದೊಂದು ಕಡೆ ಆದರು. ಆಮೇಲೆ ಅವಳು ಇಲ್ಲಿಂದಲೇ ಸುರಿಯಲಿಕ್ಕೆ ಶುರು ಮಾಡಿದಳು. ನಾನೂ ನಿಮ್ಮ ಹಾಗೆಯೇ ತಮಾಷೆ ಮಾಡ್ತಿದ್ದೆ."

ಕೆಂಪು ನೀರು ಕರಗಿ ಮುಂದಕ್ಕೆ ಹೋಗುವುದನ್ನು ಅವರು ಬೆರಳಿನಿಂದ ತೋರಿಸಿದರು.

"ಅವಳ ತಾಯಿಮನೆ ಈಗ ಕಡಲಿನ ಒಳಗೆ ಉಂಟು. ಅಲ್ಲಿಗೆ ಬಸ್ಸು ಹೋಗುವುದಿಲ್ಲ. ಈ ಹೊಳೆ ಹೋಗ್ತದೆ."

ಇಷ್ಟು ವರ್ಷ ಸೋಪಿನಿಂದ, ಮೈಲುತುತ್ತಿನಿಂದ ಅವರು ಕಾಯುತ್ತಾ ಬಂದದ್ದು ಹೆಂಡತಿ ತವರಿಗೆ ಹೋಗುವ ದಾರಿಯನ್ನು ಎಂದು ತಿಳಿದಾಗ ನನ್ನ ಕಣ್ಣು ತುಂಬಿತು. ಯಜಮಾನರು ಎತ್ತಲೋ ನೋಡುತ್ತಾ ನಿಂತಿದ್ದರು. ಖಾಲಿ ಕುಪ್ಪಿಯನ್ನು ತೊಳೆದಿಡಲು ಪೊರ್ಬುಗಳ ಕೈಯಿಂದ ನಾನೇ ತೆಗೆದುಕೊಂಡೆ. ಹೊಳೆ ಕಾಲಬುಡದಲ್ಲೇ ಇತ್ತು. ನಾನು ಕುಪ್ಪಿಯನ್ನು ನಮ್ಮ ಬಾವಿಕಟ್ಟೆಗೆ ಒಯ್ದೆ.