ನಿಂಗರಾಜನ ಒಪ್ಪತ್ತು

ಸೋಮವಾರ ಬೆಳಗ್ಗೆ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದ ನಿಂಗರಾಜನ ಬಾಯಿಂದ ಒಂದೇ ಒಂದು ಮಾತು ಜಾರಿತು. ಅದು ಜಾರದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ನಿಂಗರಾಜ್ ಬಿಳಿಚೋಡಿನವನು. ಎಂ.ಎ. ಓದಲು ಚನ್ನಗಿರಿಗೆ ಬಂದು ಕಸ್ತೂರಮ್ಮನವರ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ. ವಿಶ್ವವಿದ್ಯಾಲಯದ ಪರೀಕ್ಷೆ ಶುಲ್ಕ ಕಟ್ಟಲು ಮರುದಿನವೇ ಕಡೆಯ ದಿನ. ಅದಕ್ಕೆಂದು ಟೀ ಬಿಟ್ಟು, ಆಟೋ ಬಿಟ್ಟು ಕೂಡಿಸಿದ ನೂರರ ಹದಿನಾರು ನೋಟು ಒಂದು ಕವರಿನಲ್ಲಿದ್ದವು. ಅದು ಬಿಟ್ಟರೆ ಜೇಬಿನಲ್ಲಿ ಎಪ್ಪತ್ತು ರೂಪಾಯಿ. ವಿದ್ಯಾರ್ಥಿವೇತನ ಯಾವಾಗ ಬರುತ್ತದೋ ಶಿವನೇ ಬಲ್ಲ. ಕವರಿಗೆ ಕೈ ಹಾಕಿದರೆ ಒಂದು ವರ್ಷ ಹಾಳು, ಹಾಕದಿದ್ದರೆ ಹೊಟ್ಟೆ ಕೇಳಬೇಕಲ್ಲ. ಇನ್ನು ಮೇಲೆ ದಿನಕ್ಕೆ ಒಂದೇ ಊಟ, ಅದೂ ರಾತ್ರಿ, ಎಂದು ಅವತ್ತೇ ತೀರ್ಮಾನ ಮಾಡಿದ್ದ.

“ನಾಷ್ಟಾ ಆತೇನಪ್ಪಾ?” ಎಂದರು ಕಸ್ತೂರಮ್ಮ.

ಕಾಸಿಲ್ಲ ಎನ್ನಲು ನಾಚಿಕೆ. “ಇವತ್ತು ಒಪ್ಪತ್ತು ಕಣ್ರಮ್ಮಾ,” ಎಂದುಬಿಟ್ಟ.

ಸುಳ್ಳೇನಲ್ಲ. ಒಂದೇ ಹೊತ್ತು ಉಣ್ಣುವುದಕ್ಕೇ ತಾನೇ ಒಪ್ಪತ್ತು ಎನ್ನುವುದು? ಆದರೆ ಸೋಮವಾರದ ದಿನ ಆ ಮಾತು ಆಡಿದವನನ್ನು ಯಾರೂ ಬಡವ ಎಂದುಕೊಳ್ಳುವುದಿಲ್ಲ, ಭಕ್ತ ಎಂದುಕೊಳ್ಳುತ್ತಾರೆ. ಕಸ್ತೂರಮ್ಮನವರ ಕೊಡ ತುಂಬಿ ಹರಿಯಿತು, ಅವರಿಗೆ ಅದರ ಕಡೆ ಲಕ್ಷ್ಯವೇ ಇಲ್ಲ.

“ಈಗಿನ ಕಾಲದಾಗೆ ಇಂಥಾ ಹುಡುಗ್ರೂ ಅದಾರಾ,” ಎನ್ನುತ್ತಾ ಒಳಗೆ ಹೋದವರು ಹತ್ತೇ ನಿಮಿಷದಲ್ಲಿ ಮಹಡಿ ಹತ್ತಿ ಬಂದರು. ತಟ್ಟೆ ತುಂಬ ಬೆಲ್ಲ, ಕಾಯಿತುರಿ ಕಲಸಿದ ಅವಲಕ್ಕಿ, ಎರಡು ಬಾಳೆಹಣ್ಣು, ದೊಡ್ಡ ಲೋಟದಲ್ಲಿ ಹಾಲು. “ಒಪ್ಪತ್ತು ಇದ್ದೋರಿಗೆ ಫಳಾರ ಕೊಟ್ರೆ ನಮಗೂ ಪುಣ್ಯ ಐತಪ್ಪ. ಬ್ಯಾಡ ಅನ್ನಬಾರ್ದು.”

ನಿಂಗರಾಜ್ ಬೇಡ ಅನ್ನಲಿಲ್ಲ.

ಕಸ್ತೂರಮ್ಮನವರಿಗೆ ಗೊತ್ತಾಯಿತೆಂದರೆ ಓಣಿಗೆಲ್ಲ ಗೊತ್ತಾದ ಹಾಗೆ. ಎದುರುಮನೆ ಪ್ರಮೀಳಾ ಸಬ್ಬಕ್ಕಿ ಪಾಯಸ ತಂದಳು. ಅವಳ ಹಿಂದೆಯೇ ಟೈಲರ್ ಮುರುಗೇಶಪ್ಪನ ಹೆಂಡತಿ ಶೇಂಗಾ ಉಂಡೆ ತಂದಳು. ಮಧ್ಯಾಹ್ನದ ಹೊತ್ತಿಗೆ ನಿಂಗರಾಜ್ ಖಾನಾವಳಿಯಲ್ಲಿ ಎರಡು ದಿನಕ್ಕೆ ತಿನ್ನುವಷ್ಟು ತಿಂದಿದ್ದ. ಸಾಲಾಗಿಟ್ಟ ತಟ್ಟೆಗಳನ್ನು ಬೆರಗಾಗಿ ನೋಡಿದ. ಇಷ್ಟು ವರ್ಷ ಓದಿದ್ದಾಯಿತು, ಒಂದು ಪದಕ್ಕೆ ಇಷ್ಟು ಶಕ್ತಿಯಿದೆ ಎಂದು ಯಾವ ಮೇಷ್ಟ್ರೂ ಹೇಳಿರಲಿಲ್ಲವಲ್ಲ! ಕವರು ತೆಗೆದು ಮತ್ತೊಮ್ಮೆ ಎಣಿಸಿದ. ಹದಿನಾರೂ ಇದ್ದವು.

ಅಷ್ಟರಲ್ಲಿ ಪಕ್ಕದ ಮನೆಯ ಅಂಜಿನಮ್ಮಜ್ಜಿ ಮೊಣಕಾಲು ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ ಶಿವಾ ಎನ್ನುತ್ತಾ ಹತ್ತಿ ಬಂದರು.

“ಎಷ್ಟು ವಾರ ಆತಪ್ಪಾ?”

ತಲೆಯಲ್ಲಿದ್ದದ್ದು ಒಂದೇ ಲೆಕ್ಕ. “ಹದಿನಾರು,” ಎಂದ.

ಅಜ್ಜಿ ಅವನನ್ನೇ ನೋಡುತ್ತಾ ನಿಂತರು. “ಹದಿನಾರು ಸೋಮವಾರ. ಅದೂ ಯಾರಿಗೂ ಹೇಳ್ದಂಗೆ. ನನ್ನ ಕೈಲಿ ಐದು ವಾರಕ್ಕೇ ಆಗ್ಲಿಲ್ಲ ನೋಡು,” ಎಂದವರೇ ಬಗ್ಗಿ ಅವನ ಕಾಲಿಗೆ ಕೈ ಚಾಚಿದರು. ನಿಂಗರಾಜ್ ಹೌಹಾರಿ ಮಂಚ ಹತ್ತಿದ.

“ಅಜ್ಜೀ, ನೀವು ದೊಡ್ಡೋರು, ಹಂಗೆಲ್ಲ ಮಾಡಬ್ಯಾಡ್ರಿ.”

“ಏನ್ ಬೇಡ್ಕಂಡು ಹಿಡಿದೀಯಪ್ಪ ವ್ರತಾನ?”

“ಪರೀಕ್ಷೆ ಅಜ್ಜಿ,” ಎಂದ. ಅದೊಂದಂತೂ ನಿಜ. ಉಳಿದದ್ದನ್ನೂ ಆಗಲೇ ಹೇಳಿಬಿಡಬೇಕಿತ್ತು. ಬಾಯಲ್ಲಿ ಶೇಂಗಾ ಉಂಡೆ ಇತ್ತು, ಹೇಳಲಾಗಲಿಲ್ಲ.

ಓದಿಕೊಳ್ಳೋಣವೆಂದು ಕವರನ್ನು ಮೇಜಿನ ಮೇಲೆ ಪುಸ್ತಕದೊಳಗಿಟ್ಟು, ಬಾಗಿಲು ಮುಂದೆ ಮಾಡಿ ಲೈಬ್ರರಿಗೆ ಹೋದ. ಸಂಜೆ ಬಂದು ನೋಡಿದರೆ ಮೆಟ್ಟಿಲ ತುಂಬ ಚಪ್ಪಲಿ. ಮೇಲೆ, ಅವನ ಕೋಣೆಯ ಮುಂದಿನ ತಾರಸಿಯಲ್ಲಿ ಎರಡು ಸಾಲು ಬಾಳೆಲೆ. ಎಲೆಗಳ ಮುಂದೆ ಮದುವೆಗೆ ಬಂದವರಂತೆ ರೇಷ್ಮೆ ಸೀರೆ ಉಟ್ಟ, ಬಿಳಿ ಅಂಗಿ ತೊಟ್ಟ ಗಂಡ-ಹೆಂಡಿರು.

ಕಸ್ತೂರಮ್ಮನವರ ಯಜಮಾನರು ಮಹೇಶ್ವರಪ್ಪ ಕೈ ಹಿಡಿದು ಕರೆದೊಯ್ದರು. “ಹದಿನಾರು ವಾರ ಮುಗಿದ ಮ್ಯಾಲೆ ಉದ್ಯಾಪನೆ ಆಗಬೇಕಲ್ಲಪ್ಪ. ಹದಿನಾರು ಜೋಡಿಗೆ ಊಟ ಹಾಕಬೇಕು. ಪರವೂರಿನ ಹುಡುಗ, ಒಬ್ಬನೇ ಎಲ್ಲಿ ಓಡಾಡ್ತೀಯ ಅಂತ ಓಣಿಯೋರೇ ಸೇರಿ ಅಡಿಗೆ ಮಾಡೇವಿ. ನೀನು ಒಂದು ಪೈಸೆ ಖರ್ಚು ಮಾಡಾಂಗಿಲ್ಲ.”

ನಿಂಗರಾಜ್ ಎಲೆಗಳ ಸಾಲನ್ನು ಮತ್ತೊಮ್ಮೆ ನೋಡಿದ. ಗುರುತು ಪರಿಚಯ ಸರಿಯಾಗಿಲ್ಲದ ತನಗಾಗಿ ಇಷ್ಟು ಜನ ಹೊತ್ತಿಗೆ ಮುಂಚೆ ಅಂಗಡಿ ಮುಚ್ಚಿ ಬಂದಿದ್ದಾರೆ! ಇಂಥವರಿಗೆ ಸುಳ್ಳು ಹೇಳಿದೆನಲ್ಲ! ನಾಳೆ ಶುಲ್ಕ ಕಟ್ಟಿ ಬಂದವನೇ ಕಸ್ತೂರಮ್ಮನವರ ಕಾಲಿಗೆ ಬಿದ್ದು ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡು, ಸೌಟು ಹಿಡಿದು ಓಡಾಡಿ ಬಡಿಸಿದ.

ಊಟ ಮುಗಿಯಿತು. ಕಸ್ತೂರಮ್ಮ ತಾಂಬೂಲದ ತಟ್ಟೆ ಹಿಡಿದು ಬಂದರು. ಎಲೆ ಅಡಿಕೆಯ ಪಕ್ಕದಲ್ಲಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಅವನ ಕವರು ಕೂತಿತ್ತು.

“ನಿನ್ನ ಮೇಜಿನ ಮ್ಯಾಲೆ ಶಿವನ ಫೋಟೋ ಇಡಾಕೆ ಹೋಗಿದ್ನಪ್ಪಾ, ಪುಸ್ತಕ ಸರಿಸಿದ್ರೆ ಇದು ಬಿತ್ತು. ನೋಡಿದ್ರೆ ಸರಿಯಾಗಿ ಹದಿನಾರು ನೋಟು. ನಾವು ದಕ್ಷಿಣೆ ಹನ್ನೊಂದು ರೂಪಾಯಿ ಸಾಕು ಅನ್ಕಂಡಿದ್ವಿ. ನೀನು ಜೋಡಿಗೆ ನೂರು ಅಂತ ಮೊದಲೇ ತೆಗೆದಿಟ್ಟೀಯ. ನಿನ್ನ ಹೆತ್ತಾಕಿ ಪುಣ್ಯವಂತೆ.”

ಹದಿನಾರು ಜೋಡಿ ಕಣ್ಣುಗಳೆಂದರೆ ತಪ್ಪಾದೀತು, ಮೂವತ್ತೆರಡು ಜೋಡಿ ಕಣ್ಣು ಅವನನ್ನು ಗುಡಿಯ ದೇವರನ್ನು ನೋಡಿದಂತೆ ನೋಡಿದವು. ಆ ನೋಟದ ಮುಂದೆ, ಅದು ಪರೀಕ್ಷೆ ಶುಲ್ಕ ಕಣ್ರೀ ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ನಿಂಗರಾಜ್ ಒಂದೊಂದೇ ನೋಟು ಕೊಟ್ಟು ನಮಸ್ಕಾರ ಮಾಡುತ್ತಾ ಹೋದ. ಮುರುಗೇಶಪ್ಪನಂತೂ ನೋಟನ್ನು ಕಣ್ಣಿಗೊತ್ತಿಕೊಂಡು, “ಇದನ್ನ ಖರ್ಚು ಮಾಡಲ್ಲ, ದೇವರ ಜಗಲಿ ಮ್ಯಾಲೆ ಇಟ್ಟು ಪೂಜೆ ಮಾಡ್ತೀನಿ,” ಎಂದ. ಅಂಜಿನಮ್ಮಜ್ಜಿ ಬಂದು ತಲೆ ಮೇಲೆ ಕೈಯಿಟ್ಟರು. “ಪರೀಕ್ಷ್ಯಾಗೆ ನಿಂದೇ ಮೊದಲ ನಂಬರು. ಶಿವ ಬರೆದಾಗೈತೆ.”

ಎಲ್ಲರೂ ಹೋದರು. ವರ್ಷ ಹೋಯಿತು, ಆದರೆ ಹೊಟ್ಟೆಯಾದರೂ ತುಂಬೀತಲ್ಲ, ಈ ಓಣಿ ಇರುವವರೆಗೆ ಫಳಾರಕ್ಕೇನು ಕಮ್ಮಿ ಎಂದು ನಿಂಗರಾಜ್ ಮನಸ್ಸು ಗಟ್ಟಿ ಮಾಡಿಕೊಂಡ. ಪಾತ್ರೆ ಎತ್ತಿಡುತ್ತಿದ್ದ ಕಸ್ತೂರಮ್ಮನವರ ಹತ್ತಿರ ಹೋಗಿ, “ಅಮ್ಮಾ, ನಾಳೆ ಬೆಳಗ್ಗೆ...” ಎಂದು ಮೆಲ್ಲಗೆ ಮಾತು ತೆಗೆದ.

“ನಾಳೆ ಏನಪ್ಪಾ, ವ್ರತ ಮುಗೀತಲ್ಲ,” ಎಂದರು ಅವರು ಅಕ್ಕರೆಯಿಂದ. “ಇನ್ನು ನಮ್ಮ ಅವಲಕ್ಕಿ, ಬಾಳೆಹಣ್ಣು ತಿಂದ್ಕಂಡು ಒಣಗೋದು ತಪ್ಪಿತು. ಖಾನಾವಳಿಗೆ ಹೋಗಿ ಎರಡೂ ಹೊತ್ತು ಹೊಟ್ಟೆ ತುಂಬ ಉಣ್ಣು.”